ನಿಮಗಿದು ಗೊತ್ತೇ? ಬೆಕ್ಕಿಗೆ ಚೆಲ್ಲಾಟ, ಬೆಕ್ಕಿಗೇ ಬಾವು

● ಆಟವಾಡುವ ಬೆಕ್ಕುಗಳು ಹೆಚ್ಚಾಗಿ ಬಾಯಿ ಬಿಡುವುದಿಲ್ಲ. ಹೈದರಾಬಾದಿನ ರಾಮನಗರ ಮೀನು ಮಾರುಕಟ್ಟೆಯ ಹಿಂಬದಿಯಲ್ಲೋ, ಸಿಕಂದರಾಬಾದಿನ ಮೋಂಡಾ ಮಾರ್ಕೆಟ್ಟಿನ ಸಂದಿಯಲ್ಲೋ ಎರಡು ಬೀದಿಬೆಕ್ಕುಗಳು ಒಂದನ್ನೊಂದು ತಬ್ಬಿಕೊಂಡು ನೆಲದ ಮೇಲೆ ಹೊರಳುತ್ತಿವೆ, ಆದರೆ ಸದ್ದಿಲ್ಲ ಎಂದರೆ ಬಿಡಿಸಲು ಓಡಬೇಡಿ. ಅದು ಆಟ. ನಿಜವಾದ ಜಗಳ ಮೂರನೇ ಮಹಡಿಗೂ ಕೇಳಿಸುತ್ತದೆ.

● ಇದನ್ನು ವಿಜ್ಞಾನಿಗಳೂ ಕುಳಿತು ನೋಡಿದ್ದಾರೆ. 2023ರಲ್ಲಿ ‘ಸೈಂಟಿಫಿಕ್ ರಿಪೋರ್ಟ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು 105 ವಿಡಿಯೊಗಳಲ್ಲಿದ್ದ 210 ಬೆಕ್ಕುಗಳ ಗುದ್ದಾಟವನ್ನು ವಿಂಗಡಿಸಿತು. ಅರ್ಧಕ್ಕಿಂತ ಹೆಚ್ಚು ಬರೀ ಆಟ. ಕೂಗಾಟ, ಅಟ್ಟಿಸಿಕೊಂಡು ಹೋಗುವುದು ಜಗಳದ ಗುರುತು. ಮೈಮೇಲೆ ಬಿದ್ದು ಹೊರಳಾಡುವುದು ಆಟದ ಗುರುತು. ನಾವು ಅಂದುಕೊಂಡಿದ್ದಕ್ಕೆ ಸ್ವಲ್ಪ ಉಲ್ಟಾ. ಕುತೂಹಲದ್ದು ಮೂರನೇ ಗುಂಪು: ಆಟವೂ ಅಲ್ಲ, ಜಗಳವೂ ಅಲ್ಲ, ನಡುವಿನದು. ತಮಾಷೆಗೆ ಶುರುವಾಗಿ ಒಬ್ಬರಿಗೆ ಸಿಟ್ಟು ಬರುವ ಹಂತ. ಮದುವೆಮನೆಯ ಇಸ್ಪೀಟು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ.

● ಕಿವಿ ನೋಡಿ. ಮುಂದಕ್ಕೆ ನಿಮಿರಿದ್ದರೆ ಆಟ, ತಲೆಗೆ ಅಂಟಿಕೊಂಡಿದ್ದರೆ ಯುದ್ಧ. ಆಟದಲ್ಲಿ ಮೇಲಿದ್ದದ್ದು ಸ್ವಲ್ಪ ಹೊತ್ತಿಗೆ ಕೆಳಗೆ ಬರುತ್ತದೆ, ಸರದಿ ಬದಲಾಗುತ್ತದೆ. ಒಂದೇ ಬೆಕ್ಕು ಸದಾ ಅಡಿಯಲ್ಲಿದ್ದು ತಪ್ಪಿಸಿಕೊಳ್ಳಲು ನೋಡುತ್ತಿದ್ದರೆ ಅದಕ್ಕೆ ಆಟ ಬೇಕಾಗಿಲ್ಲ.

● ಎಷ್ಟು ಜೋರಾಗಿ ಕಚ್ಚಬಹುದು ಎನ್ನುವ ಪಾಠ ಮರಿಗಳಿಗೆ ಒಡಹುಟ್ಟಿದವುಗಳಿಂದಲೇ. ಹುಟ್ಟಿ ನಾಲ್ಕು ವಾರಕ್ಕೆ ಈ ಆಟ ಶುರು. ಒಂದು ಜೋರಾಗಿ ಕಚ್ಚಿದರೆ ಇನ್ನೊಂದು ಕಿರುಚಿ ಎದ್ದು ಹೋಗುತ್ತದೆ. ಆಟ ನಿಂತುಹೋಗುವುದೇ ಶಿಕ್ಷೆ. ತಾಯಿಯೂ ಒಂದು ಏಟು ಹಾಕುತ್ತದೆ. ಕಣ್ಣು ಬಿಡುವ ಮೊದಲೇ ಒಂಟಿಯಾಗಿ ಮನೆಗೆ ತಂದು ಬಾಟಲಿ ಹಾಲಿನಲ್ಲಿ ಬೆಳೆಸಿದ ಮರಿ ದೊಡ್ಡದಾದ ಮೇಲೆ ಕೈ ಕಚ್ಚುವ ಚಾಳಿ ಬೆಳೆಸಿಕೊಳ್ಳುವುದಕ್ಕೆ ಇದೂ ಒಂದು ಕಾರಣ.

● ಎರಡರಿಂದ ಏಳು ವಾರ. ಮರಿ ಮನುಷ್ಯರನ್ನು ನಂಬಲು ಕಲಿಯುವುದು ಮುಖ್ಯವಾಗಿ ಈ ಅವಧಿಯಲ್ಲಿ. ಅಷ್ಟರಲ್ಲಿ ಮನುಷ್ಯರ ಕೈ ಸೋಕದಿದ್ದರೆ ಅದು ಊರಲ್ಲೇ ಇದ್ದರೂ ಕಾಡಿನ ಜೀವದಂತೆ ದೂರ ಉಳಿಯುತ್ತದೆ. ಇಂಥ ಬೆಕ್ಕಿಗೆ ಗಾಯವಾದಾಗ ಹಿಡಿಯುವುದು ಕಷ್ಟ. ಬರಿಗೈಲಿ ಹಿಡಿಯಹೋದರೆ ಆಸ್ಪತ್ರೆ ಸೇರುವವರು ನೀವು. ಊಟವಿಟ್ಟ ಬೋನೇ ದಾರಿ.

● ಬೆನ್ನ ಮೇಲೆ ಮಲಗಿದ ಬೆಕ್ಕು ಸೋತಿಲ್ಲ. ಆ ಭಂಗಿಯಲ್ಲಿ ಅದಕ್ಕೆ ನಾಲ್ಕೂ ಕಾಲು, ಬಾಯಿ ಎಲ್ಲವೂ ಖಾಲಿ. ಮುಂಗಾಲಲ್ಲಿ ಎದುರಾಳಿಯನ್ನು ಅಪ್ಪಿ ಹಿಡಿದು, ಹಿಂಗಾಲುಗಳಲ್ಲಿ ಹೊಟ್ಟೆಗೆ ಪಟಪಟನೆ ಒದೆಯುತ್ತದೆ. ಆಟದಲ್ಲಿ ಉಗುರು ಒಳಗಿರುತ್ತದೆ. ಜಗಳದಲ್ಲಿ ಮುಂದಿನ ಹತ್ತು, ಹಿಂದಿನ ಎಂಟು, ಒಟ್ಟು ಹದಿನೆಂಟು ಉಗುರುಗಳ ಲೆಕ್ಕ.

● ಬೀದಿಯ ಗಡವ ಬೆಕ್ಕುಗಳ ಮುಖ ಅಷ್ಟು ದಪ್ಪ ಯಾಕೆ? ಗಂಡು ಹಾರ್ಮೋನು ಕೆನ್ನೆ, ಕತ್ತಿನ ಚರ್ಮವನ್ನು ದಪ್ಪಗಾಗಿಸುತ್ತದೆ. ಎದುರಾಳಿಯ ಹಲ್ಲು ಕುತ್ತಿಗೆಗೆ ಇಳಿಯದಂತೆ ಅದೊಂದು ರಕ್ಷಣೆ.

● ಅಷ್ಟು ಕೂಗಿದರೂ ಬಹಳಷ್ಟು ಜಗಳ ಹೊಡೆದಾಟಕ್ಕೆ ಮುಟ್ಟುವುದೇ ಇಲ್ಲ. ಎರಡು ಗಂಡುಗಳು ಎದುರುಬದುರು ನಿಂತು, ಬಾಲ ಸೆಟೆಸಿ, ನಿಮಿಷಗಟ್ಟಲೆ ಊಳಿಟ್ಟು, ಒಂದು ನಿಧಾನವಾಗಿ ಹಿಂದೆ ಸರಿದು ಹೋಗುತ್ತದೆ. ಓಡುವುದಿಲ್ಲ, ಓಡಿದರೆ ಏಟು ಬೀಳುತ್ತದೆ. ಜರ್ಮನಿಯ ಪೌಲ್ ಲೇಹೌಸೆನ್ ಕಳೆದ ಶತಮಾನದಲ್ಲಿ ಬೆಕ್ಕುಗಳ ಹಿಂದೆ ಬಿದ್ದು ಇನ್ನೊಂದು ಸಂಗತಿ ಬರೆದಿಟ್ಟರು. ಒಂದೇ ದಾರಿಯನ್ನು ಬೇರೆಬೇರೆ ಬೆಕ್ಕುಗಳು ಬೇರೆಬೇರೆ ಹೊತ್ತಿನಲ್ಲಿ ಬಳಸಿಕೊಂಡು ಮುಖಾಮುಖಿ ತಪ್ಪಿಸಿಕೊಳ್ಳುತ್ತವೆ. ಹೈದರಾಬಾದಿನ ಅಬಿಡ್ಸ್‌ನ ಸಂಜೆಯ ವಾಹನ ಸವಾರರಿಗೆ ಈ ವಿದ್ಯೆ ಇನ್ನೂ ಬಂದಿಲ್ಲ.

● ಇನ್ನು ಮುಖ್ಯ ವಿಷಯ. ನೋಡಲು ಭೀಕರವಾದ ಗಾಯ ಎಷ್ಟೋ ಸಲ ಏನೂ ಅಲ್ಲ. ಕಣ್ಣಿಗೆ ಕಾಣದ ಗಾಯವೇ ಅಪಾಯ. ಮೂಗಿನ ಮೇಲೆ ರಕ್ತದ ಗೀರು, ಕಿವಿಯಂಚಿನ ಹರಕು, ಕಿತ್ತುಹೋದ ಕೂದಲು, ಇವು ಬಹುಪಾಲು ತಾವಾಗಿ ಮಾಯುತ್ತವೆ. ಬೆಕ್ಕಿನ ಕೋರೆಹಲ್ಲು ಮಾತ್ರ ತೆಳ್ಳಗೆ, ಚೂಪಾಗಿ ಚರ್ಮದಡಿಗೆ ಆಳಕ್ಕೆ ಇಳಿಯುತ್ತದೆ. ಜೊತೆಗೆ ಬಾಯಿಯ ಬ್ಯಾಕ್ಟೀರಿಯಾಗಳನ್ನು, ಅದರಲ್ಲೂ ಬಹುತೇಕ ಬೆಕ್ಕುಗಳ ಬಾಯಲ್ಲಿರುವ ಪಾಶ್ಚುರೆಲ್ಲಾ ಎಂಬುದನ್ನು, ಒಳಗೆ ಬಿಟ್ಟು ಬರುತ್ತದೆ. ತೂತು ಸಣ್ಣದು, ಒಂದೆರಡು ದಿನದಲ್ಲಿ ಮೇಲೆ ಮುಚ್ಚಿಕೊಳ್ಳುತ್ತದೆ. ‘ವಾಸಿಯಾಯಿತು’ ಎಂದುಕೊಳ್ಳುತ್ತೇವೆ. ಒಳಗೆ ಕೀವು ತುಂಬುತ್ತಿರುತ್ತದೆ. ಎರಡರಿಂದ ಐದು ದಿನದೊಳಗೆ ಬಾವು ಏಳುತ್ತದೆ. ಊಟ ಬಿಟ್ಟು ಮೂಲೆ ಹಿಡಿದ ಬೆಕ್ಕು, ಕುಂಟುವ ಬೆಕ್ಕು, ಬೆಚ್ಚಗೆ ಊದಿಕೊಂಡ ಕೆನ್ನೆ ಅಥವಾ ಬಾಲದ ಬುಡ ಕಂಡರೆ ಹಿಂದಿನ ವಾರದ ಜಗಳ ನೆನಪಿಸಿಕೊಳ್ಳಿ. ಒಡೆದು ದುರ್ವಾಸನೆಯ ಕೀವು ಸುರಿದಾಗ ಮನೆಯವರು ಹೌಹಾರುತ್ತಾರೆ. ಬೆಕ್ಕಿಗೆ ಆಗಲೇ ಅರ್ಧ ನಿರಾಳ. ಆದರೂ ಒಳಗನ್ನು ತೊಳೆಸಿ ಪ್ರತಿಜೀವಕ ಕೊಡಿಸಬೇಕು.

● ಗಾಯದ ಜಾಗ ಜಗಳದ ಕಥೆ ಹೇಳುತ್ತದೆ. ಮುಖ, ಮುಂಗಾಲಿನಲ್ಲಿದ್ದರೆ ಎದುರು ನಿಂತು ಕಾದಿದ ಬೆಕ್ಕು. ಬಾಲದ ಬುಡ, ಹಿಂದೊಡೆಯಲ್ಲಿದ್ದರೆ ಓಡಿದ ಬೆಕ್ಕು.

● ಕತ್ತಿನ ಹಿಂಭಾಗದ ಕಚ್ಚುಗಾಯ ಮಾತ್ರ ಬೇರೆ ಸುದ್ದಿ ಇರಬಹುದು. ಗಂಡು ಹೆಣ್ಣಿನ ಹಿಂಗತ್ತನ್ನು ಕಚ್ಚಿ ಹಿಡಿದೇ ಕೂಡುತ್ತದೆ. ಮುಗಿದ ಕೂಡಲೇ ಹೆಣ್ಣು ಕಿರುಚಿ ತಿರುಗಿ ಹೊಡೆಯುತ್ತದೆ. ಸುಮಾರು ಅರವತ್ತೈದು ದಿನಕ್ಕೆ ಮರಿಗಳು.

● ಕಿವಿಯ ತುದಿ ಚಾಕುವಿನಲ್ಲಿ ಕೊಯ್ದಂತೆ ನೆಟ್ಟಗೆ ಕತ್ತರಿಸಿದ್ದರೆ ಅದು ಜಗಳದ ಗಾಯವಲ್ಲ. ಸಂತಾನಹರಣ ಚಿಕಿತ್ಸೆಯಾದ ಬೀದಿಬೆಕ್ಕಿಗೆ, ಅದೇ ಅರಿವಳಿಕೆಯಲ್ಲಿರುವಾಗ ವೈದ್ಯರು ಮಾಡುವ ಗುರುತು. ಇನ್ನೊಮ್ಮೆ ಹಿಡಿದು ಹೊಟ್ಟೆ ಕೊಯ್ಯದಿರಲಿ ಎಂದು. ಜಗಳದಲ್ಲಿ ಹರಿದ ಕಿವಿ ಅಂಕುಡೊಂಕು.

● ಬೀಜ ತೆಗೆಸಿದರೆ ಹತ್ತು ಗಂಡುಗಳಲ್ಲಿ ಎಂಟೊಂಬತ್ತರ ಕಾದಾಟ ಗಣನೀಯವಾಗಿ ಇಳಿಯುತ್ತದೆ, ಅಲೆದಾಟ ಮತ್ತು ಗೋಡೆಗೆ ಉಚ್ಚೆ ಹಾರಿಸುವ ಚಟವೂ. 1970ರ ದಶಕದಿಂದಲೇ ಗೊತ್ತಿರುವ ಮಾತು. ನಮ್ಮ ಕಾನೂನಿಗೆ ಬೆಕ್ಕು ನೆನಪಾದದ್ದು ತಡವಾಗಿ: 2001ರ ಸಂತಾನ ನಿಯಂತ್ರಣ ನಿಯಮಗಳ ಹೆಸರಿನಲ್ಲೇ ‘ನಾಯಿಗಳು’ ಎಂದಿತ್ತು. 2023ರ ಹೊಸ ನಿಯಮಗಳ ಹೆಸರಿನಿಂದ ಆ ಪದ ಹೋಯಿತು. ಹೈದರಾಬಾದಿನಲ್ಲಿ ಬೀದಿ ಪ್ರಾಣಿಗಳ ಚಿಕಿತ್ಸೆ ಎಂದರೆ ಮೊದಲು ಕೇಳಿಬರುವ ಹೆಸರು ಬ್ಲೂ ಕ್ರಾಸ್. 1992ರಲ್ಲಿ ಅದನ್ನು ಕಟ್ಟಿದವರು ಅಮಲಾ ಅಕ್ಕಿನೇನಿ. ‘ಬಣ್ಣದ ಗೆಜ್ಜೆ’ಯಲ್ಲಿ ರವಿಚಂದ್ರನ್ ಜೊತೆ ಕಂಡ ಅದೇ ಅಮಲಾ.

● ಬೆಕ್ಕುಗಳಿಗೂ ಏಡ್ಸ್‌ನಂಥ ಒಂದು ರೋಗವಿದೆ. ಎಫ್‌ಐವಿ ಎಂಬ ಆ ವೈರಸ್ 1986ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಪತ್ತೆಯಾಯಿತು. ಮುಖ್ಯವಾಗಿ ಹರಡುವುದು ಆಳವಾದ ಕಚ್ಚುಗಾಯದಿಂದ. ಹಾಗಾಗಿ ಬೀದಿಯ ಜಗಳಗಂಟ ಗಂಡುಗಳಲ್ಲೇ ಹೆಚ್ಚು. ಒಂದೇ ತಟ್ಟೆಯಲ್ಲಿ ಉಂಡರೆ ಸಾಮಾನ್ಯವಾಗಿ ಬರುವುದಿಲ್ಲ. ಮನುಷ್ಯರಿಗಂತೂ ಬರುವುದೇ ಇಲ್ಲ.

● ಬ್ರೆಜಿಲ್‌ನಲ್ಲಿ ಬೆಕ್ಕುಜಗಳ ಸಾರ್ವಜನಿಕ ಆರೋಗ್ಯದ ತಲೆನೋವು. 1990ರ ದಶಕದ ಕೊನೆಯಿಂದ ರಿಯೊ ಡಿ ಜನೈರೊದಲ್ಲಿ ಸ್ಪೋರೊಥ್ರಿಕ್ಸ್ ಎಂಬ ಶಿಲೀಂಧ್ರ ಉಗುರು, ಹಲ್ಲುಗಳ ಮೂಲಕ ಬೆಕ್ಕಿನಿಂದ ಬೆಕ್ಕಿಗೆ, ಬೆಕ್ಕಿನಿಂದ ಮನುಷ್ಯರಿಗೆ ದಾಟುತ್ತಿದೆ.

● ಗಾಯ ತೊಳೆಯಲು ಕುದಿಸಿ ಆರಿಸಿದ ಅರ್ಧ ಲೀಟರ್ ನೀರಿಗೆ ಒಂದು ಟೀ ಚಮಚ ಉಪ್ಪು ಸಾಕು. ನೀರಿಗೆ ಬೆರೆಸಿದಾಗ ಹಾಲಿನಂತೆ ಬೆಳ್ಳಗಾಗುವ ನಂಜುನಾಶಕ ಬೇಡವೇ ಬೇಡ; ಬೆಕ್ಕು ನೆಕ್ಕುತ್ತದೆ, ಅದರ ಯಕೃತ್ತು ಅಂಥ ರಾಸಾಯನಿಕಗಳನ್ನು ಅರಗಿಸಲಾರದು. ಪ್ಯಾರಸಿಟಮಾಲ್ ಕೂಡ ಇದೇ ಕಾರಣಕ್ಕೆ ವಿಷ. ನಮ್ಮ ಜ್ವರದ ಒಂದು ಮಾತ್ರೆ ಒಂದು ಬೆಕ್ಕನ್ನು ಕೊಲ್ಲಬಲ್ಲದು: ರಕ್ತ ಆಮ್ಲಜನಕ ಒಯ್ಯುವುದನ್ನು ನಿಲ್ಲಿಸುತ್ತದೆ, ವಸಡು ಕಂದು ಬಣ್ಣಕ್ಕೆ ತಿರುಗುತ್ತದೆ. ಮೈ ಬಿಸಿ ಇದೆ ಎಂದು ಗಾಬರಿಯಾಗುವ ಮುನ್ನ ನೆನಪಿರಲಿ, ಬೆಕ್ಕಿನ ಸಹಜ ಉಷ್ಣತೆಯೇ 38ರಿಂದ 39 ಡಿಗ್ರಿ ಸೆಲ್ಸಿಯಸ್.

● ಮಳೆಗಾಲದಲ್ಲಿ ಸಣ್ಣ ಗಾಯಕ್ಕೂ ಹುಳ ಬೀಳುತ್ತದೆ. ನೊಣ ಮೊಟ್ಟೆಯಿಟ್ಟ ಒಂದೇ ದಿನದಲ್ಲಿ ಮರಿಹುಳಗಳು ಹೊರಬರಬಹುದು. ಎತ್ತು, ಎಮ್ಮೆಗಳ ಗಾಯಕ್ಕೆ ಟರ್ಪೆಂಟೈನ್ ಸುರಿಯುವುದನ್ನು ಕಂಡವರು ಬೆಕ್ಕಿಗೂ ಸುರಿಯುತ್ತಾರೆ. ಬೆಕ್ಕಿಗೆ ಅದು ವಿಷ. ಹುಳ ಕಂಡ ದಿನವೇ ವೈದ್ಯರ ಬಳಿಗೆ ಒಯ್ಯಿರಿ.

● ಸಂಕ್ರಾಂತಿ ಬಂತೆಂದರೆ ಹೈದರಾಬಾದಿನ ಹಳೇ ಊರಿನ ಮಾಳಿಗೆಗಳ ತುಂಬ ಗಾಳಿಪಟದ ಮಾಂಜಾ. ಚೀನಿ ಮಾಂಜಾ ಎನ್ನುವ ನೈಲಾನ್ ದಾರವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲಿ ದೇಶದಾದ್ಯಂತ ನಿಷೇಧಿಸಿದೆ. ದಾರಕ್ಕೆ ಆ ಸುದ್ದಿ ಇನ್ನೂ ಪೂರ್ತಿ ಮುಟ್ಟಿಲ್ಲ. ಕಾಲು ಕೊಯ್ಯುವುದು ಒಂದು ಅಪಾಯವಾದರೆ ನುಂಗುವುದು ಇನ್ನೊಂದು. ಬೆಕ್ಕಿನ ನಾಲಿಗೆಯ ಮುಳ್ಳುಗಳು ಗಂಟಲಿನ ಕಡೆಗೆ ಬಾಗಿರುವುದರಿಂದ ಆಟಕ್ಕೆ ಬಾಯಿಗಿಟ್ಟ ದಾರವನ್ನು ಉಗುಳುವುದು ಕಷ್ಟ. ಒಳಗೆ ಹೋದ ದಾರ ಕರುಳನ್ನು ನೆರಿಗೆಯಂತೆ ಒಟ್ಟು ಮಾಡಿ ಕೊಯ್ಯುತ್ತದೆ. ಬಾಯಿಂದಲೋ ಹಿಂದಿನಿಂದಲೋ ದಾರದ ತುದಿ ನೇತಾಡುತ್ತಿದ್ದರೆ ಎಳೆಯಬೇಡಿ.

● ಆಟದ ಭರದಲ್ಲಿ ಮಾಳಿಗೆಯಿಂದ ಬಿದ್ದ ಬೆಕ್ಕು ಎದ್ದು ನಡೆಯಿತೆಂದರೆ ಕ್ಷೇಮ ಎಂದಲ್ಲ. 1987ರಲ್ಲಿ ನ್ಯೂಯಾರ್ಕಿನ ಪಶುವೈದ್ಯರು ಕಟ್ಟಡಗಳಿಂದ ಬಿದ್ದ 132 ಬೆಕ್ಕುಗಳ ವರದಿ ಬರೆದರು. ಚಿಕಿತ್ಸೆ ಪಡೆದವುಗಳಲ್ಲಿ ಶೇ. 90ರಷ್ಟು ಬದುಕಿದವು, ನಿಜ. ಆದರೆ ಎದೆಗೂಡು, ದವಡೆ, ಅಂಗುಳಿನ ಪೆಟ್ಟು ಸಾಮಾನ್ಯವಾಗಿತ್ತು.

● ನಡುವೆ ಕೈ ಹಾಕುವವರಿಗೆ: ಹಾಕಬೇಡಿ. ಸ್ಟೀಲ್ ತಟ್ಟೆ ಬಡಿಯಿರಿ, ನೀರು ಎರಚಿ, ನಡುವೆ ಒಂದು ರಟ್ಟಿನ ತುಂಡು ತೂರಿಸಿ. ಸಿಟ್ಟಿನಲ್ಲಿರುವ ಬೆಕ್ಕಿಗೆ ಆ ಹೊತ್ತಿನಲ್ಲಿ ಅನ್ನ ಹಾಕಿದ ಕೈಯ ಪರಿಚಯವಿರುವುದಿಲ್ಲ.

● ಪರಚಿದರೂ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಿರಿ. ರಕ್ತ ಬರದ ಪರಚು ವಿಶ್ವ ಆರೋಗ್ಯ ಸಂಸ್ಥೆಯ ರೇಬೀಸ್ ಲೆಕ್ಕದಲ್ಲಿ ಎರಡನೇ ವರ್ಗ, ಅಂದರೆ ಲಸಿಕೆ ಬೇಕು. ಚರ್ಮ ದಾಟಿದ ಒಂದೇ ಹಲ್ಲಿನ ಗುರುತಾದರೂ ಮೂರನೇ ವರ್ಗ, ಅಂದರೆ ಲಸಿಕೆಯ ಜೊತೆ ಗಾಯಕ್ಕೆ ಇಮ್ಯುನೊಗ್ಲೋಬ್ಯುಲಿನ್ ಕೂಡ ಬೇಕು. ಹೈದರಾಬಾದಿನವರಿಗಂತೂ ಇದು ಗೊತ್ತಿರಬೇಕು: ರೇಬೀಸ್ ಲಸಿಕೆ ತಯಾರಿಸುವ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಇಲ್ಲಿಯದೇ. ಲಸಿಕೆಗೆ ಹೋಗಬಹುದಾದ ನಲ್ಲಕುಂಟದ ಫೀವರ್ ಆಸ್ಪತ್ರೆಗೆ ಸೊಳ್ಳೆಯಲ್ಲಿ ಮಲೇರಿಯಾ ಕಂಡುಹಿಡಿದ ರೊನಾಲ್ಡ್ ರಾಸ್ ಹೆಸರು. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರಕ್ಕೆ ಹೋಗಿಬರುವ ಕನ್ನಡಿಗರಿಗೆ ಅದು ದೂರವೇನಲ್ಲ.

● ಕಚ್ಚಿದ ಬೆಕ್ಕನ್ನು ಹತ್ತು ದಿನ ಕಣ್ಣಿಟ್ಟು ನೋಡಬೇಕು ಎನ್ನುತ್ತಾರೆ. ನಾಯಿ, ಬೆಕ್ಕು ಎರಡಕ್ಕೂ ಅದು ಸರಿ. ಹತ್ತು ದಿನ ಕಳೆಯಲಿ, ಆಮೇಲೆ ಸೂಜಿ ಎಂದಲ್ಲ. ಸೂಜಿ ಇವತ್ತೇ ಶುರು. ಬೆಕ್ಕು ಆರೋಗ್ಯವಾಗಿ ಉಳಿದರೆ ಉಳಿದ ಡೋಸುಗಳನ್ನು ವೈದ್ಯರು ನಿಲ್ಲಿಸಬಹುದು. ಬೀದಿಬೆಕ್ಕು ಎರಡನೇ ದಿನವೇ ಗೋಡೆ ಹಾರಿ ಕಾಣೆಯಾದರೆ ಪೂರ್ತಿ ಹಾಕಿಸಿಕೊಳ್ಳಿ. ಬೆರಳ ಗಿಣ್ಣಿನ ಮೇಲೆ ಕಚ್ಚಿದ್ದರೆ ಇನ್ನೊಂದು ಆತುರವೂ ಇದೆ: ಸೋಂಕು ಕೀಲಿಗೆ, ಸ್ನಾಯುರಜ್ಜುವಿಗೆ ಇಳಿಯಲು ಒಂದು ದಿನ ಸಾಕು. ಬೆಳಿಗ್ಗೆ ಬೆರಳು ಊದಿ ಮಡಚಲು ಆಗದಿದ್ದರೆ ಅದು ಅರಿಸಿನ ಹಚ್ಚುವ ಗಾಯವಲ್ಲ.