ಕಂಪೈಲ್ ಆಗಲು ಕಾದು ಸುಸ್ತೇ? ಪಕ್ಕದ ಕಂಪ್ಯೂಟರಿಗೂ ಕೆಲಸ ಹಂಚಿ!

ಕೆಲಸದ ವೇಳೆಯಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಆರಾಮಾಗಿ ಟೀ ಹೀರುತ್ತ ಕೂತಿದ್ದರೆ ಮ್ಯಾನೇಜರ್‌ಗೆ ಸಿಗುವ ಉತ್ತರ ಒಂದೇ: 'ಕಂಪೈಲ್ ಆಗ್ತಾ ಇದೆ ಸಾರ್'. ಈ ನೆಪದ ಮೇಲೆ ಎಕ್ಸ್‌ಕೆಸಿಡಿ ಜಾಲತಾಣ 2007ರಲ್ಲಿ ಒಂದು ವ್ಯಂಗ್ಯಚಿತ್ರವನ್ನೇ ಪ್ರಕಟಿಸಿತ್ತು. ಇಬ್ಬರು ಪ್ರೋಗ್ರಾಮರ್‌ಗಳು ಕುರ್ಚಿ ಹತ್ತಿ ಕತ್ತಿವರಸೆ ಆಡುತ್ತಿರುತ್ತಾರೆ. ಬಾಸ್ ಗದರುತ್ತಾನೆ. ಕಂಪೈಲ್ ಆಗುತ್ತಿದೆ ಎಂದ ಕೂಡಲೇ ತೆಪ್ಪಗಾಗುತ್ತಾನೆ!

ನಗು ಬರುವುದೇನೋ ನಿಜ. ಆದರೆ ಒಂದು ಸಾಲು ತಿದ್ದಿ ಫಲಿತಾಂಶ ನೋಡಲು 20 ನಿಮಿಷ ಬೇಕಾದರೆ, ದಿನಕ್ಕೆ ಆರು ಸಲ ತಿದ್ದುವವರ ಎರಡು ಗಂಟೆ ಬರೀ ಕಾಯುವುದರಲ್ಲೇ ಹೋಯಿತು. ಅದೇ ಹೊತ್ತಿನಲ್ಲಿ ಪಕ್ಕದ ಮೇಜಿನ ಕಂಪ್ಯೂಟರ್ ಇಮೇಲ್ ತೆರೆದುಕೊಂಡು ಸುಮ್ಮನೆ ಕೂತಿರುತ್ತದೆ. ಅದರ ಕೈಗೂ ಒಂದಿಷ್ಟು ಕೆಲಸ ಕೊಟ್ಟರೆ ಹೇಗೆ?

ಈ ಆಲೋಚನೆಯನ್ನು ಸರಳವಾಗಿ ಕಾರ್ಯರೂಪಕ್ಕೆ ತಂದವರು ಆಸ್ಟ್ರೇಲಿಯಾದ ಮಾರ್ಟಿನ್ ಪೂಲ್. 2002ರಲ್ಲಿ ಅವರು ಹೊರತಂದ 'ಡಿಸ್ಟ್‌ಸಿಸಿ' ಉಚಿತ, ಮುಕ್ತ ತಂತ್ರಾಂಶ. ಮರುವರ್ಷವೇ ಆಪಲ್ ಕಂಪನಿ ತನ್ನ ಎಕ್ಸ್‌ಕೋಡ್‌ನಲ್ಲಿ ಇದನ್ನು ಅಳವಡಿಸಿಕೊಂಡಿತು.

ಕೆಲಸ ಹಂಚಲು ಸಾಧ್ಯವಾಗುವುದು ಹೇಗೆ? ಸಿ ಅಥವಾ ಸಿ++ ಭಾಷೆಯ ದೊಡ್ಡ ತಂತ್ರಾಂಶ ಒಂದೇ ಕಡತದಲ್ಲಿ ಇರುವುದಿಲ್ಲ. ಲಿನಕ್ಸ್ ಕರ್ನಲ್‌ನಲ್ಲಿ ಹತ್ತಾರು ಸಾವಿರ ಕಡತಗಳಿವೆ. ಬಹುಪಾಲು ಕಡತಗಳನ್ನು ಒಂದಕ್ಕಾಗಿ ಇನ್ನೊಂದು ಕಾಯದೆ ಕಂಪೈಲ್ ಮಾಡಬಹುದು. 'ಮೇಕ್' ಎಂಬ ಹಳೆಯ ಸಲಕರಣೆಗೆ ಏಕಕಾಲಕ್ಕೆ ಇಷ್ಟು ಕೆಲಸ ನಡೆಸು ಎಂದು ಹೇಳಿದರೆ ಅದು ಹಾಗೆಯೇ ಮಾಡುತ್ತದೆ. ಆ ಕೆಲಸಗಳಲ್ಲಿ ಕೆಲವನ್ನು ನೆಟ್‌ವರ್ಕ್ ಮೂಲಕ ಬೇರೆ ಯಂತ್ರಗಳಿಗೆ ಸಾಗಿಸುವುದಷ್ಟೇ ಡಿಸ್ಟ್‌ಸಿಸಿಯ ಪಾತ್ರ.

ಮದುವೆ ಮನೆಯ ಹೋಳಿಗೆಯನ್ನು ನೆನಪಿಸಿಕೊಳ್ಳಿ. ಮುಖ್ಯ ಅಡುಗೆಯವರು ಹೂರಣ ರುಬ್ಬಿ, ಕಣಕದಲ್ಲಿ ತುಂಬಿ ಉಂಡೆ ಮಾಡಿ ನೆರೆಮನೆಗಳಿಗೆ ಕಳಿಸುತ್ತಾರೆ. ಅಲ್ಲಿ ತಟ್ಟಿ ಬೇಯಿಸಿ ವಾಪಸ್ ಕಳಿಸಿದರಾಯಿತು, ಅವರ ಮನೆಯಲ್ಲಿ ಬೇಳೆ ಬೆಲ್ಲ ಇರಬೇಕಾಗಿಲ್ಲ. ಡಿಸ್ಟ್‌ಸಿಸಿಯೂ ಹಾಗೆಯೇ. ಒಂದು ಕಡತಕ್ಕೆ ಬೇಕಾದ ಹೆಡರ್‌ಗಳನ್ನೆಲ್ಲ ಅದರೊಳಗೇ ಸೇರಿಸುವ ಪ್ರೀಪ್ರೊಸೆಸಿಂಗ್ ನಿಮ್ಮ ಯಂತ್ರದಲ್ಲೇ ನಡೆಯುತ್ತದೆ. ಹಾಗೆ ಸಿದ್ಧವಾದ ಪಠ್ಯ ದೂರದ ಯಂತ್ರಕ್ಕೆ ಹೋಗಿ, ಕಂಪೈಲ್ ಆದ ಆಬ್ಜೆಕ್ಟ್ ಕಡತವಾಗಿ ಮರಳುತ್ತದೆ. ಕೊನೆಗೆ ಎಲ್ಲವನ್ನೂ ಜೋಡಿಸುವ ಲಿಂಕಿಂಗ್ ಮತ್ತೆ ನಿಮ್ಮಲ್ಲೇ. ಹೀಗಾಗಿ ಬೇರೆ ಯಂತ್ರಗಳಲ್ಲಿ ನಿಮ್ಮ ಮೂಲ ಕಡತಗಳಾಗಲಿ ಹೆಡರ್‌ಗಳಾಗಲಿ ಇರಬೇಕಿಲ್ಲ. ಕಂಪೈಲರ್ ಮಾತ್ರ ಹೊಂದುವಂಥದ್ದೇ ಇರಬೇಕು. ಒಂದೊಂದು ಕಡೆ ಒಂದೊಂದು ಆವೃತ್ತಿ ಇದ್ದರೆ ಮುಂದೆ ಎದುರಾಗುವ ವಿಚಿತ್ರ ದೋಷಗಳ ಮೂಲ ಹುಡುಕುವುದೇ ಕಷ್ಟ.

ಎಷ್ಟು ವೇಗ ಸಿಗುತ್ತದೆ? ಒಂದೇ ಬಗೆಯ ಮೂರು ಪೆಂಟಿಯಂ 4 ಯಂತ್ರಗಳಲ್ಲಿ ಲಿನಕ್ಸ್ ಕರ್ನಲ್ ಕಂಪೈಲ್ ಮಾಡಿದಾಗ ಸುಮಾರು 2.6 ಪಟ್ಟು ವೇಗ ಸಿಕ್ಕಿತೆಂದು ಡಿಸ್ಟ್‌ಸಿಸಿ ತಂಡವೇ ಹೇಳಿಕೊಂಡಿತ್ತು. ಮೂರಕ್ಕೆ 2.6 ಎಂದರೆ ಒಳ್ಳೆಯ ಫಲವೇ. ಹಾಗಾದರೆ ಮೂವತ್ತು ಯಂತ್ರಕ್ಕೆ 26 ಪಟ್ಟು ಸಿಗುತ್ತದೆಯೇ? ಖಂಡಿತ ಇಲ್ಲ. ಬಹಳ ಮಂದಿ ಎಡವುವುದು ಇಲ್ಲಿಯೇ.

ಒಂದು ಲೆಕ್ಕ ನೋಡಿ. 60 ನಿಮಿಷದ ಕೆಲಸದಲ್ಲಿ 50 ನಿಮಿಷದ್ದು ಹಂಚಬಹುದಾದದ್ದು, 10 ನಿಮಿಷದ್ದು ನಿಮ್ಮ ಯಂತ್ರವೇ ಮಾಡಬೇಕಾದದ್ದು ಎಂದುಕೊಳ್ಳೋಣ. 5 ಯಂತ್ರಗಳಿದ್ದರೆ ಒಟ್ಟು 20 ನಿಮಿಷ. ಭೇಷ್! 10 ಇದ್ದರೆ 15 ನಿಮಿಷ. 50 ಯಂತ್ರ ಜೋಡಿಸಿದರೂ 11 ನಿಮಿಷ ಬೇಕೇ ಬೇಕು. ಆ 10 ನಿಮಿಷದ ಗೋಡೆಯನ್ನು ಎಷ್ಟು ದುಡ್ಡು ಸುರಿದರೂ ದಾಟಲಾಗದು. ಜೀನ್ ಅಮ್ಡಾಲ್ 1967ರಲ್ಲೇ ಮುಂದಿಟ್ಟ ವಾದ ಇದು, ಅವರ ಹೆಸರಿನ ನಿಯಮವಾಗಿಯೇ ಪ್ರಸಿದ್ಧ. ಇನ್ನು ನೆಟ್‌ವರ್ಕಿನ ಖರ್ಚು ಬೇರೆ. ನಾಲ್ಕೇ ಸಾಲಿನ ಸಿ++ ಕಡತವೂ ಹೆಡರ್‌ಗಳು ಸೇರಿದ ಮೇಲೆ ಹತ್ತಾರು ಸಾವಿರ ಸಾಲಾಗಿ ಉಬ್ಬಬಹುದು. ನಿಧಾನದ ವೈಫೈಯಲ್ಲಿ ಇದನ್ನೆಲ್ಲ ಕಳಿಸುವ ಬದಲು ನಿಮ್ಮಲ್ಲೇ ಕಂಪೈಲ್ ಮಾಡುವುದು ಲೇಸು.

ಈ ಗೋಡೆಯನ್ನು ಸ್ವಲ್ಪ ತಗ್ಗಿಸಿದ್ದು 2008ರ ಡಿಸ್ಟ್‌ಸಿಸಿ 3.0. ಗೂಗಲ್ ಎಂಜಿನಿಯರ್‌ಗಳು ಸೇರಿಸಿದ 'ಪಂಪ್ ಮೋಡ್'ನಲ್ಲಿ ಹೆಡರ್‌ಗಳೂ ದೂರದ ಯಂತ್ರಕ್ಕೆ ಹೋಗುತ್ತವೆ, ಪ್ರೀಪ್ರೊಸೆಸಿಂಗ್ ಕೂಡ ಅಲ್ಲೇ ನಡೆಯುತ್ತದೆ. ಅಂದರೆ ಉಂಡೆಯ ಬದಲು ಹಿಟ್ಟು, ಬೇಳೆ, ಬೆಲ್ಲವನ್ನೇ ನೆರೆಮನೆಗೆ ಕಳಿಸಿದಂತೆ. ಲಿಂಕಿಂಗ್ ಮಾತ್ರ ಆಗಲೂ ನಿಮ್ಮ ಪಾಲಿಗೇ ಉಳಿಯುತ್ತದೆ.

ಇನ್ನೊಂದು ಕಿರಿಕಿರಿ ಇದೆ. ದೂರದ ಯಂತ್ರ ಕೈಕೊಟ್ಟರೆ ಡಿಸ್ಟ್‌ಸಿಸಿ ಕೆಲಸ ನಿಲ್ಲಿಸುವುದಿಲ್ಲ, ಆ ಕಡತವನ್ನು ನಿಮ್ಮ ಯಂತ್ರದಲ್ಲೇ ಕಂಪೈಲ್ ಮಾಡಿಬಿಡುತ್ತದೆ. ಉಪಕಾರವೇ ಸರಿ, ಆದರೆ ಐದು ಯಂತ್ರ ದುಡಿಯುತ್ತಿವೆ ಎಂದು ನೀವು ನಂಬಿರುವಾಗ ಒಂದೇ ಯಂತ್ರ ಏದುಸಿರು ಬಿಡುತ್ತಿರಬಹುದು. ಯಾವ ಕಡತ ಎಲ್ಲಿ ಕಂಪೈಲ್ ಆಗುತ್ತಿದೆ ಎಂದು ತೋರಿಸುವ ಮಾನಿಟರ್ ಇದರ ಜತೆಗೇ ಬರುತ್ತದೆ, ಮೊದಲ ದಿನವೇ ಅದನ್ನು ತೆರೆದು ನೋಡುವುದು ಒಳ್ಳೆಯದು.

ಎಲ್ಲಕ್ಕಿಂತ ಮುಖ್ಯವಾದದ್ದು ಭದ್ರತೆ. ಡಿಸ್ಟ್‌ಸಿಸಿ ಸರ್ವರ್ ಸಾಮಾನ್ಯವಾಗಿ 3632ನೇ ಪೋರ್ಟ್‌ನಲ್ಲಿ ಕೆಲಸಕ್ಕಾಗಿ ಕಾಯುತ್ತದೆ. ಈ ನೇರ ಸಂಪರ್ಕದಲ್ಲಿ ಪಾಸ್‌ವರ್ಡ್ ಇಲ್ಲ, ಗೂಢಲಿಪೀಕರಣವೂ ಇಲ್ಲ. ಹಳೆಯ 2.x ಆವೃತ್ತಿಗಳನ್ನು ಅಜಾಗರೂಕತೆಯಿಂದ ತೆರೆದಿಟ್ಟಿದ್ದರೆ, ಹೊರಗಿನವರು ಕಂಪೈಲ್ ಕೆಲಸದ ವೇಷದಲ್ಲಿ ಯಾವ ಆಜ್ಞೆಯನ್ನಾದರೂ ಆ ಯಂತ್ರದಲ್ಲಿ ಓಡಿಸಬಹುದಿತ್ತು. ಈ ದೋಷ ಎಷ್ಟು ಪ್ರಸಿದ್ಧವೆಂದರೆ, ಹ್ಯಾಕಿಂಗ್ ಕಲಿಸಲೆಂದೇ ತಯಾರಿಸಿದ 'ಮೆಟಾಸ್ಪ್ಲಾಯ್ಟೆಬಲ್' ಎಂಬ ಅಭ್ಯಾಸದ ಯಂತ್ರದಲ್ಲಿ ಇದನ್ನೂ ಇಡಲಾಗಿದೆ. ಹೊಸ ಆವೃತ್ತಿಗಳು ಪಟ್ಟಿಯಲ್ಲಿರುವ ಕಂಪೈಲರ್‌ಗಳನ್ನು ಮಾತ್ರ ಓಡಿಸುತ್ತವೆ. ಆದರೂ ಕಚೇರಿಯ ಒಳಜಾಲದ ಗೊತ್ತಿರುವ ವಿಳಾಸಗಳಿಗಷ್ಟೇ ಅನುಮತಿ ಕೊಡಬೇಕು. ಹೊರಗಿನ ಜಾಲ ದಾಟಿ ಹೋಗುವುದಿದ್ದರೆ ಎಸ್‌ಎಸ್‌ಎಚ್ ಮೂಲಕವೇ ಹೋಗಬೇಕು, ಸ್ವಲ್ಪ ನಿಧಾನವಾದರೂ ಸರಿ.

ಅಂದಹಾಗೆ, ಹತ್ತು ಕಡತಗಳ ಪುಟ್ಟ ಪ್ರಾಜೆಕ್ಟ್‌ಗೆ ಇದ್ಯಾವುದೂ ಬೇಡ. ದೊಡ್ಡದಿದ್ದರೂ ಮೊದಲು 'ಸಿಸಿಕ್ಯಾಶ್' ಹಾಕಿ ನೋಡಬಹುದು. ಒಮ್ಮೆ ಕಂಪೈಲ್ ಆದ ಕಡತ ಬದಲಾಗದಿದ್ದರೆ ಹಳೆಯ ಫಲಿತಾಂಶವನ್ನೇ ಅದು ಎತ್ತಿಕೊಡುತ್ತದೆ. ಎರಡನ್ನೂ ಜೋಡಿಸಿದರೆ, ಸಿಸಿಕ್ಯಾಶ್ ಬಳಿ ಇಲ್ಲದ ಕಡತಗಳು ಮಾತ್ರ ಪಕ್ಕದ ಮೇಜಿನ ಕಂಪ್ಯೂಟರಿಗೆ ಹೋಗುತ್ತವೆ.