ಹಳೆಯ ಪ್ಲಗ್ ಹೇಳುವ ಎಂಜಿನ್ ಕಥೆ

ಬಸವಕಲ್ಯಾಣ ತಾಲ್ಲೂಕಿನ ಮೋರಖಂಡಿಯಂಥ ಊರಿನಲ್ಲಿ ಪಿಕಪ್ ವಾಹನವೆಂದರೆ ಮನೆಯಲ್ಲಿ ದುಡಿಯುವ ಇನ್ನೊಬ್ಬ ಮಗನಿದ್ದಂತೆ. ತೊಗರಿ, ಸೋಯಾ ಚೀಲಗಳನ್ನು ಬಸವಕಲ್ಯಾಣಕ್ಕೋ ಹುಮನಾಬಾದಿಗೋ ಮುಟ್ಟಿಸುವುದು ಅದೇ. ಅದು ಒಂದು ಬೆಳಿಗ್ಗೆ ಚಾಲೂ ಆಗಲು ಮೊಂಡು ಹಿಡಿದರೆ, ಚಾಲೂ ಆದ ಮೇಲೂ ನಡುಗುತ್ತ ಕುಂಟಿದರೆ, ಆ ದಿನದ ಬಾಡಿಗೆ ಹೋದಂತೆಯೇ. "ಪ್ಲಗ್ ಹೋಗಿರಬೇಕು" ಎಂಬ ಮಾತು ಆಗ ಸಾಮಾನ್ಯ. ಹೊಸದನ್ನು ಹಾಕಿ ಹಳೆಯದನ್ನು ತಿಪ್ಪೆಗೆಸೆದರೆ ಕೆಲಸ ಮುಗಿಯಿತೇ? ಇಲ್ಲ. ಎಂಜಿನ್ನಿನ ಆರೋಗ್ಯದ ವರದಿ ಇರುವುದು ಆ ಹಳೆಯ ಪ್ಲಗ್ಗಿನ ತುದಿಯಲ್ಲೇ.

ಬಾನೆಟ್ ಎತ್ತುವ ಮೊದಲು ವಾಹನದ ಇಂಧನ ಯಾವುದೆಂದು ತಿಳಿಯಬೇಕು. ಪಿಕಪ್‌ಗಳಲ್ಲಿ ಹೆಚ್ಚಿನವು ಡೀಸೆಲ್ಲಿನವು. ಅವುಗಳಲ್ಲಿ ಸ್ಪಾರ್ಕ್ ಪ್ಲಗ್ ಇರುವುದೇ ಇಲ್ಲ! ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದನ್ನು ಮಕ್ಕಳೆಲ್ಲ ಬಲ್ಲರು. ಡೀಸೆಲ್ ಎಂಜಿನ್ನಿನಲ್ಲಿ ಗಾಳಿ ತನ್ನ ಗಾತ್ರದ ಸುಮಾರು 16ರಿಂದ 20ನೇ ಒಂದು ಭಾಗಕ್ಕೆ ಒತ್ತಲ್ಪಟ್ಟು ಎಷ್ಟು ಕಾಯುತ್ತದೆಂದರೆ, ಅದರೊಳಗೆ ಸಿಂಪಡಿಸಿದ ಡೀಸೆಲ್ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಕೆಲವದರಲ್ಲಿರುವ ಗ್ಲೋ ಪ್ಲಗ್, ಚಳಿಯಲ್ಲಿ ಎಂಜಿನ್ ಚಾಲೂ ಮಾಡಲು ಕಾವು ಕೊಡುವ ಬೇರೆಯೇ ಸಾಧನ. ಕಿಡಿ ಬೇಕಾಗುವುದು ಪೆಟ್ರೋಲ್ ಮತ್ತು ಸಿಎನ್‌ಜಿ ವಾಹನಗಳಿಗೆ. ಮಾರುತಿ ಸೂಪರ್ ಕ್ಯಾರಿಯ ಪೆಟ್ರೋಲ್ ಮಾದರಿಯಲ್ಲಿ ನಾಲ್ಕು ಸಿಲಿಂಡರಿಗೆ ನಾಲ್ಕು ಪ್ಲಗ್.

ಬ್ಯಾಟರಿಯದು ಬರೀ 12 ವೋಲ್ಟ್. ಅಷ್ಟರಿಂದ ಕಿಡಿ ಜಿಗಿಯದು. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಕೊಂಡ ವಿದ್ಯುತ್ಕಾಂತೀಯ ಪ್ರೇರಣೆಯ ತತ್ತ್ವದಿಂದ ಇಗ್ನಿಷನ್ ಕಾಯಿಲ್ ಅದನ್ನು 20,000 ವೋಲ್ಟಿಗೂ ಮೇಲೇರಿಸುತ್ತದೆ. ಆಗ ಪ್ಲಗ್ಗಿನ ಎರಡು ವಿದ್ಯುದ್ವಾರಗಳ ನಡುವೆ, ಸುಮಾರು ಒಂದು ಮಿಲಿಮೀಟರ್ ಸಂದಿನಲ್ಲಿ, ಕಿಡಿ ಹಾರುತ್ತದೆ. ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಎರಡು ಸುತ್ತಿಗೊಂದು ಕಿಡಿ. ನಿಮಿಷಕ್ಕೆ 3,000 ಸುತ್ತು ತಿರುಗಿದರೆ ಪ್ರತಿ ಪ್ಲಗ್ ಸೆಕೆಂಡಿಗೆ 25 ಸಲ ಕಿಡಿ ಕೊಡಬೇಕು! ಹೀಗೆ ದುಡಿದು ವಿದ್ಯುದ್ವಾರ ಸವೆಯುತ್ತದೆ, ಸಂದು ಅಗಲವಾಗುತ್ತದೆ, ಕಿಡಿ ತಪ್ಪುತ್ತದೆ. ಪ್ಲಗ್ ತಯಾರಿಕೆಗೂ ಕರ್ನಾಟಕಕ್ಕೂ ಹಳೆಯ ನಂಟಿದೆ. 1951ರಲ್ಲಿ ಸ್ಥಾಪನೆಯಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ಕಾರ್ಖಾನೆ ತೆರೆದ ಮೈಕೊ ಕಂಪನಿಯ ಹೆಸರು ಸ್ಪಾರ್ಕ್ ಪ್ಲಗ್ಗಿನಿಂದಲೇ ಹಳ್ಳಿ ಹಳ್ಳಿಗೂ ಪರಿಚಿತವಾಯಿತು. ಇಂದು ಅದು ಬಾಷ್.

ಮನೆಯಲ್ಲೇ ಪ್ಲಗ್ ಬದಲಿಸುವವರು ಎಂಜಿನ್ ಪೂರ್ತಿ ತಣ್ಣಗಾಗುವವರೆಗೆ ಕಾಯಬೇಕು. ಪ್ಲಗ್ ಕೂರುವ ಭಾಗ ಅಲ್ಯುಮಿನಿಯಮ್ಮಿನದು. ಬಿಸಿಯಲ್ಲಿ ತಿರುಗಿಸಿದರೆ ಅದರ ಮರೆ ಕಿತ್ತುಬರಬಹುದು. ಕೀಲಿ ತೆಗೆದು, ಬ್ಯಾಟರಿಯ ಋಣ ತುದಿಯನ್ನು ಬಿಡಿಸಬೇಕು. ಎಂಜಿನ್ ಓಡುವಾಗ ಕಾಯಿಲ್ ತಂತಿಗೆ ಕೈಹಾಕುವುದು ಅಪಾಯಕರ. ಪ್ಲಗ್ಗಿನ ಸುತ್ತಲಿನ ಧೂಳನ್ನು ಮೊದಲೇ ಊದಿ ತೆಗೆಯಬೇಕು. ಒಂದು ಹರಳು ಒಳಗೆ ಬಿದ್ದರೂ ಸಿಲಿಂಡರಿನ ಗೋಡೆ ಗೀಚುತ್ತದೆ. ಕಂಪನಿ ಸೂಚಿಸಿದ ನಂಬರಿನ ಪ್ಲಗ್ಗನ್ನೇ ತಂದು, ಫೀಲರ್ ಗೇಜಿನಿಂದ ಸಂದು ಅಳೆದು, ಮೊದಲ ಸುತ್ತುಗಳನ್ನು ಕೈಯಿಂದಲೇ ಹಾಕಬೇಕು. ಕೈಗೆ ಬಿಗಿಯಾದರೆ ಅಡ್ಡ ಹೋಗಿದೆ ಎಂದರ್ಥ. ಹಿಂದಕ್ಕೆ ಬಿಚ್ಚಿ ಮತ್ತೆ ಕೂರಿಸಬೇಕು. ಪೂರ್ತಿ ಕುಳಿತ ಮೇಲೆ ಪ್ಲಗ್ ಪಾನಾದಿಂದ ಎಷ್ಟು ತಿರುಗಿಸಬೇಕೆಂಬುದನ್ನು ಡಬ್ಬಿಯ ಮೇಲೆ ಬರೆದಿರುತ್ತಾರೆ. ಹೊಸ ವಾಷರಿನ ಪ್ಲಗ್ಗಿಗೆ ಸಾಮಾನ್ಯವಾಗಿ ಅರ್ಧ ಸುತ್ತು ಸಾಕು. ತೋಳ್ಬಲ ತೋರಿದರೆ ಮರೆ ಹಾಳಾಗಿ, ನೂರಾರು ರೂಪಾಯಿಯ ಕೆಲಸ ಸಾವಿರಾರು ರೂಪಾಯಿಗೆ ಏರುತ್ತದೆ. ಗ್ಯಾಸಿನ ವಾಸನೆ ಬಂದರಂತೂ ಯಾವುದನ್ನೂ ಮುಟ್ಟದೆ ಮಿಸ್ತ್ರಿಯನ್ನೇ ಕರೆಸಬೇಕು.

ಬಿಚ್ಚಿದ ಪ್ಲಗ್ಗುಗಳನ್ನು ಸಿಲಿಂಡರಿನ ಕ್ರಮದಲ್ಲೇ ಹಾಳೆಯ ಮೇಲೆ ಸಾಲಾಗಿ ಇಡಬೇಕು. ತುದಿ ತಿಳಿ ಕಂದು ಅಥವಾ ಬೂದು ಬಣ್ಣವಿದ್ದರೆ ದಹನ ಚೆನ್ನಾಗಿದೆ. ಒಣ ಕಪ್ಪು ಮಸಿಯಿದ್ದರೆ ಪೆಟ್ರೋಲ್ ಹೆಚ್ಚು, ಗಾಳಿ ಕಡಿಮೆ. ಏರ್ ಫಿಲ್ಟರ್ ಧೂಳಿನಿಂದ ಕಟ್ಟಿರಲೂಬಹುದು. ಬಿಳಿಚಿಕೊಂಡು ಗುಳ್ಳೆಯೆದ್ದಿದ್ದರೆ ಮಿತಿಮೀರಿದ ಕಾವು. ಜಿಡ್ಡು ಜಿಡ್ಡಾದ ಕಪ್ಪಿದ್ದರೆ ಎಂಜಿನ್ ಆಯಿಲ್ ಒಳಗೆ ಸೋರುತ್ತಿದೆ.

ನಾಲ್ಕರಲ್ಲಿ ಒಂದು ಮಾತ್ರ ಹಾಗಿದ್ದರೆ? ಪಕ್ಕದಲ್ಲಿ ಕುಳಿತು ನೋಡುತ್ತಿರುವ ಹತ್ತನೆಯ ತರಗತಿಯ ಮಗಳು, "ಅಪ್ಪಾ, ಮೂರು ಛಲೋ ಅವ, ಇದೊಂದೇ ಯಾಕ ಎಣ್ಣಿ ಎಣ್ಣಿ ಆಗ್ಯದ?" ಎಂದು ಕೇಳಿದರೆ, ಅದೇ ಸರಿಯಾದ ಪ್ರಶ್ನೆ. ಆ ಸಿಲಿಂಡರಿನ ಪಿಸ್ಟನ್ ರಿಂಗ್ ಅಥವಾ ವಾಲ್ವಿನ ಸೀಲು ಸವೆದಿರಬಹುದು. ಹೊಸ ಪ್ಲಗ್ ಹಾಕಿದರೆ ವಾಹನ ಕೆಲವು ದಿನ ಓಡೀತು. ರೋಗ ಒಳಗೇ ಉಳಿದು, ಸುಗ್ಗಿಯ ಹೊತ್ತಿಗೆ ದಾರಿಯಲ್ಲಿ ಕೈಕೊಟ್ಟೀತು. ಆ ಪ್ಲಗ್ಗನ್ನು ಕಾಗದದಲ್ಲಿ ಸುತ್ತಿ, ಎಷ್ಟನೆಯ ಸಿಲಿಂಡರಿನದೆಂದು ಬರೆದು, ಮಿಸ್ತ್ರಿಗೆ ತೋರಿಸುವುದೇ ಜಾಣತನ.

ಪಾಲಕರು ಬಾನೆಟ್ ಎತ್ತಿದಾಗ ಮಕ್ಕಳನ್ನು ದೂರ ಅಟ್ಟದೆ, ಹಾಳೆಯ ಮೇಲೆ ನಂಬರು ಬರೆಯುವ ಕೆಲಸವನ್ನಾದರೂ ಕೊಡಬೇಕು. ಪುಸ್ತಕದ ನಾಲ್ಕು ಹೊಡೆತದ ಎಂಜಿನ್ನಿನ ಚಿತ್ರ ಆಮೇಲೆ ಅವರಿಗೆ ಮರೆಯುವುದಿಲ್ಲ.