ಗುರಿಯ ಮೇಲೆ ಕಣ್ಣು, ಕಿವಿಯ ಮೇಲೂ ಗಮನ

ಕನಕಪುರದಿಂದ ಮಳವಳ್ಳಿಯತ್ತ ಹೊರಟರೆ ಸಿಗುವ ಸಾತನೂರಿನ ಸುತ್ತಮುತ್ತಲ ಜನರಿಗೆ ಭಾರೀ ಸದ್ದೇನೂ ಹೊಸದಲ್ಲ. ಈ ಸೀಮೆಯ ಕಲ್ಲು ಕ್ವಾರಿಗಳಲ್ಲಿ ಬಂಡೆ ಸಿಡಿಯುತ್ತದೆ. ಕಾಡಂಚಿನ ಹೊಲಕ್ಕೆ ನುಗ್ಗುವ ಆನೆಗಳನ್ನು ಓಡಿಸಲು ರೈತರು ಪಟಾಕಿ ಹೊಡೆಯುತ್ತಾರೆ. ಜಾತ್ರೆ ಬಂತೆಂದರೆ ತಮಟೆಯ ಅಬ್ಬರ. ಆದರೆ ಎನ್.ಸಿ.ಸಿ. ಸೇರಿದ ವಿದ್ಯಾರ್ಥಿ ಶಿಬಿರದಲ್ಲಿ ಮೊದಲ ಸಲ ನೆಲದ ಮೇಲೆ ಬೋರಲಾಗಿ ಮಲಗಿ, ರೈಫಲಿಗೆ ಕೆನ್ನೆಯೊತ್ತಿ ಟ್ರಿಗರ್ ಎಳೆದಾಗ ಆಗುವ ಸದ್ದಿನ ಜಾತಿಯೇ ಬೇರೆ. ಅದು ಸಿಡಿಯುವುದು ಕಿವಿಯಿಂದ ಕೆಲವೇ ಅಡಿ ದೂರದಲ್ಲಿ.

ಗುರಿ ಕ್ರೀಡೆಯತ್ತ ಮಕ್ಕಳ ಒಲವು ಹೆಚ್ಚಿರುವುದು ಸಂತೋಷದ ಸಂಗತಿ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದರು. 2014ರ ಕಾಮನ್‌ವೆಲ್ತ್ ಕ್ರೀಡಾಕೂಟದ ಏರ್ ಪಿಸ್ತೂಲ್ ವಿಭಾಗದಲ್ಲಿ ಬೆಂಗಳೂರಿನ ಪ್ರಕಾಶ್ ನಂಜಪ್ಪ ಬೆಳ್ಳಿ ತಂದರು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಲೆ 50 ಮೀಟರ್ ರೈಫಲ್‌ನಲ್ಲಿ ಕಂಚು ಪಡೆದರು. ತರಬೇತಿ ಶುಲ್ಕಕ್ಕೆ, ಜಾಕೆಟ್ಟಿಗೆ, ರೈಫಲಿಗೆ ಸಾವಿರಗಟ್ಟಲೆ ಹೊಂದಿಸುವ ಪೋಷಕರು ಕಿವಿಯ ಮಾತು ಬಂದಾಗ ಮಾತ್ರ 'ಒಂದಿಷ್ಟು ಹತ್ತಿ ಇಟ್ಟುಕೊಂಡರಾಯಿತು' ಎಂದುಬಿಡುವುದುಂಟು. ಹತ್ತಿ ಸಾಲದು.

ಸದ್ದಿನ ಲೆಕ್ಕ

ಸದ್ದನ್ನು ಡೆಸಿಬೆಲ್‌ನಲ್ಲಿ ಅಳೆಯುತ್ತಾರೆ. ಇದರ ಗಣಿತ ಸ್ವಲ್ಪ ವಿಚಿತ್ರ. ಅಂಕಿ 10 ಹೆಚ್ಚಿದರೆ ಸದ್ದಿನ ತೀವ್ರತೆ ಹತ್ತು ಪಟ್ಟಾಗುತ್ತದೆ. ಸಾಮಾನ್ಯ ಮಾತುಕತೆ ಸುಮಾರು 60 ಡೆಸಿಬೆಲ್. ಎನ್.ಸಿ.ಸಿ.ಯಲ್ಲಿ ಬಳಸುವ ಪಾಯಿಂಟ್ ಟೂ ಟೂ ರೈಫಲಿನ ಸದ್ದು 140 ಡೆಸಿಬೆಲ್‌ನ ಆಸುಪಾಸಿಗೆ ಏರಬಲ್ಲದು. ಅಂದರೆ ಮಾತಿಗಿಂತ ಹತ್ತು ಕೋಟಿ ಪಟ್ಟು ತೀವ್ರ! ಹನ್ನೆರಡು ಬೋರಿನ ಬಂದೂಕು 150ನ್ನೂ ದಾಟುತ್ತದೆ. ಗಾಳಿಯ ಒತ್ತಡದಿಂದ ಕೆಲಸ ಮಾಡುವ ಏರ್ ರೈಫಲಿನ ಸದ್ದು ಇವಕ್ಕಿಂತ ಬಹಳ ಕಡಿಮೆ. ಆದರೂ ಮುಚ್ಚಿದ ಕೋಣೆಯಲ್ಲಿ ಹತ್ತಾರು ಮಂದಿ ಗಂಟೆಗಟ್ಟಲೆ ಅಭ್ಯಾಸ ಮಾಡುವಾಗ ಕಿವಿಗೆ ರಕ್ಷಣೆ ಇರುವುದೇ ಲೇಸು.

ಸಿಡಿತದ ಸದ್ದಿಗೆ ದೊಡ್ಡವರ ಕಿವಿ 140 ಡೆಸಿಬೆಲ್‌ಗಿಂತ ಹೆಚ್ಚು, ಮಕ್ಕಳ ಕಿವಿ 120ಕ್ಕಿಂತ ಹೆಚ್ಚು ಒಡ್ಡಿಕೊಳ್ಳಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 1999ರ ಮಾರ್ಗಸೂಚಿಯಲ್ಲಿ ಹೇಳಿದೆ. ಹೈಸ್ಕೂಲಿನ ಕೆಡೆಟ್‌ಗಳ ವಿಷಯದಲ್ಲಿ ಈ ಎರಡನೆಯ ಅಂಕಿಯನ್ನೇ ನೆನಪಿಡಬೇಕು.

ಹೋದದ್ದು ಬಾರದು

ಬಸವನಹುಳುವಿನ ಚಿಪ್ಪಿನಂತಿರುವ ಒಳಕಿವಿಯಲ್ಲಿ ಸುಮಾರು 15 ಸಾವಿರ ರೋಮಕೋಶಗಳಿವೆ. ಸದ್ದಿನ ಅಲೆಗೆ ಇವು ತೊನೆದಾಡಿ ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ಭಾರೀ ಸಿಡಿತಕ್ಕೆ ಸಿಕ್ಕರೆ ಬಿರುಗಾಳಿಗೆ ಸಿಕ್ಕ ರಾಗಿ ಪೈರಿನಂತೆ ಬಾಗುತ್ತವೆ. ಕೆಲವು ಮತ್ತೆ ಏಳುತ್ತವೆ, ಕೆಲವು ಏಳುವುದೇ ಇಲ್ಲ. ಪೈರಾದರೆ ಮರುವರ್ಷ ಬಿತ್ತಬಹುದು. ಮನುಷ್ಯನ ಕಿವಿಯಲ್ಲಿ ಸತ್ತ ರೋಮಕೋಶದ ಜಾಗದಲ್ಲಿ ಹೊಸದು ಹುಟ್ಟುವುದಿಲ್ಲ.

ಹಾನಿ ಒಮ್ಮೆಗೇ ಗೊತ್ತಾಗುವುದಿಲ್ಲ ಎಂಬುದೇ ಕಷ್ಟ. ಮೊದಲು ಕುಂದುವುದು ಸೆಕೆಂಡಿಗೆ ಸುಮಾರು 4,000 ಕಂಪನಗಳ ಆಸುಪಾಸಿನ ಕೀರಲು ಧ್ವನಿ. ಮಾತು ಕೇಳಿಸುತ್ತದೆ, ಆದರೆ 'ಸ', 'ಶ'ಗಳಂಥ ಸಣ್ಣ ಸದ್ದಿನ ಅಕ್ಷರಗಳು ಜಾರಿಹೋಗುತ್ತವೆ. ಮೇಷ್ಟ್ರು 'ಸಾಲು' ಎಂದದ್ದು ಹಿಂದಿನ ಬೆಂಚಿನ ಹುಡುಗನಿಗೆ 'ಹಾಲು' ಎಂದು ಕೇಳಿಸಬಹುದು. ಮನೆಯವರು ಇದನ್ನು ಅಲಕ್ಷ್ಯವೆಂದು ತಿಳಿದು ಗದರುತ್ತಾರೆ. ಇನ್ನೊಂದು ವಿಷಯ: ಬಲಗೈಯವರು ರೈಫಲ್ ಹೊಡೆಯುವಾಗ ಎಡಗಿವಿ ನಳಿಗೆಯ ಬಾಯಿಗೆ ಹತ್ತಿರವಿರುತ್ತದೆ. ಆದ್ದರಿಂದ ಪೆಟ್ಟು ಅದಕ್ಕೇ ಹೆಚ್ಚು.

ಯಾವುದನ್ನು ಆರಿಸಬೇಕು?

ರಕ್ಷಣೆಯ ಸಾಧನಗಳು ಮುಖ್ಯವಾಗಿ ಎರಡು ಬಗೆ. ಕಿವಿಯೊಳಗೆ ತೂರಿಸುವ ಇಯರ್‌ಪ್ಲಗ್ ಒಂದು, ಇಡೀ ಕಿವಿಯನ್ನು ಬಟ್ಟಲಿನಂತೆ ಮುಚ್ಚುವ ಇಯರ್‌ಮಫ್ ಇನ್ನೊಂದು.

ಸ್ಪಂಜಿನ ಪ್ಲಗ್ ಅಗ್ಗ, ಜೇಬಿನಲ್ಲಿಟ್ಟುಕೊಳ್ಳಬಹುದು. ಸರಿಯಾಗಿ ಕೂತರೆ ಚೆನ್ನಾಗಿ ತಡೆಯುತ್ತದೆ, ಅರ್ಧಂಬರ್ಧ ತೂರಿಸಿದರೆ ಪ್ರಯೋಜನವಿಲ್ಲ. ಚಿಕ್ಕ ಮಕ್ಕಳ ಕಿವಿಯ ರಂಧ್ರ ಕಿರಿದು, ಅವರಿಗೆ ಸಣ್ಣ ಅಳತೆಯದನ್ನೇ ಕೇಳಿ ಪಡೆಯಬೇಕು. ಮಫ್ ಹಾಕುವುದು ಸುಲಭ. ಆದರೆ ಕನ್ನಡಕದ ಕಡ್ಡಿ, ಟೋಪಿಯ ಅಂಚು, ಜಡೆಯ ಕೂದಲು ಅಡ್ಡ ಬಂದರೆ ಸಂದು ಬಿಟ್ಟು ಸದ್ದು ನುಗ್ಗುತ್ತದೆ.

ಮಾತನ್ನು ಕೇಳಿಸಿ ಸಿಡಿತವನ್ನು ಮಾತ್ರ ತಡೆಯುವ ಎಲೆಕ್ಟ್ರಾನಿಕ್ ಮಫ್‌ಗಳೂ ಇವೆ. ಕಲಿಯುವವರಿಗೆ ಇವು ಅನುಕೂಲ. ಆದರೆ ಅಂತಾರಾಷ್ಟ್ರೀಯ ನಿಯಮದ ಸ್ಪರ್ಧೆಗಳಲ್ಲಿ ಧ್ವನಿ ಗ್ರಹಿಸುವ ಸಾಧನವುಳ್ಳ ಮಫ್ ಧರಿಸಲು ಸ್ಪರ್ಧಿಗಳಿಗೆ ಅವಕಾಶವಿಲ್ಲ. ದುಬಾರಿ ಹಣ ತೆರುವ ಮೊದಲು ತರಬೇತುದಾರರನ್ನು ವಿಚಾರಿಸುವುದು ಜಾಣತನ.

ಪೊಟ್ಟಣದ ಮೇಲಿನ ಅಂಕಿ

ಪೊಟ್ಟಣದ ಮೇಲೆ ಎನ್.ಆರ್.ಆರ್. ಎಂಬ ಅಂಕಿ ಇರುತ್ತದೆ. ಯೂರೋಪಿನ ಮಾಲಿನಲ್ಲಿ ಎಸ್.ಎನ್.ಆರ್. ಎಂದಿರುತ್ತದೆ. ಇವೆರಡರ ಲೆಕ್ಕ ಬೇರೆ ಬೇರೆ, ಒಂದಕ್ಕೊಂದು ಹೋಲಿಸಬಾರದು. ಪ್ರಯೋಗಾಲಯದ ಅಂಕಿ ಮೈದಾನದಲ್ಲಿ ಪೂರ್ತಿ ಸಿಗುವುದೂ ಇಲ್ಲ. ಅಮೆರಿಕದ ಕಾರ್ಮಿಕ ಸುರಕ್ಷತಾ ಇಲಾಖೆಯ ಸೂತ್ರದಂತೆ ಎನ್.ಆರ್.ಆರ್.ನಲ್ಲಿ 7 ಕಳೆದು ಉಳಿದದ್ದನ್ನು ಅರ್ಧ ಮಾಡಬೇಕು. 33ರ ಪ್ಲಗ್‌ನಿಂದ ನಂಬಬಹುದಾದದ್ದು 13 ಡೆಸಿಬೆಲ್ ಮಾತ್ರ. ಅದರ ಮೇಲೆ ಮಫ್ ಕೂಡ ಹಾಕಿದರೆ ಇನ್ನು 5 ಸೇರಿ 18 ಆಗುತ್ತದೆ. 140ರಲ್ಲಿ 18 ಕಳೆದರೆ 122. ಮಕ್ಕಳ ಮಿತಿಯ ಹತ್ತಿರಕ್ಕೆ ಬಂದಂತಾಯಿತು. ಇದು ಅಂದಾಜು ಲೆಕ್ಕವಾದರೂ ಪಾಠ ಸ್ಪಷ್ಟ: ಗುಂಡಿನ ರೈಫಲ್ ಹಿಡಿಯುವ ಮಕ್ಕಳಿಗೆ ಎರಡೂ ಇರಲಿ.

ಇದರಿಂದ ಇನ್ನೊಂದು ಲಾಭವಿದೆ. ಬಿಸಿಲಿಗೆ ಬೆವರಿದ ಹುಡುಗ ಮಫ್ ಎತ್ತಿದ ಗಳಿಗೆಯಲ್ಲೇ ಪಕ್ಕದವನು ಗುಂಡು ಹಾರಿಸಿದರೂ ಒಳಗಿನ ಪ್ಲಗ್ ಕಾಯುತ್ತದೆ.

ತೊಡುವ ಕ್ರಮ

ಕೈ ತೊಳೆದು, ಸ್ಪಂಜಿನ ಪ್ಲಗ್ಗನ್ನು ಬೆರಳುಗಳ ನಡುವೆ ತೆಳ್ಳಗೆ ಹೊಸೆಯಬೇಕು. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಪ್ಲಗ್ ತೂರಿಸಿ, ಅದು ಹಿಗ್ಗುವವರೆಗೆ ಅರ್ಧ ನಿಮಿಷ ಬೆರಳಿನಿಂದ ಒತ್ತಿ ಹಿಡಿಯಬೇಕು. ತನ್ನದೇ ಮಾತು ಮಡಕೆಯೊಳಗಿನಿಂದ ಬಂದಂತೆ ಕೇಳಿಸಿದರೆ ಸರಿಯಾಗಿ ಕೂತಿದೆ ಎಂದರ್ಥ. ಒಬ್ಬರ ಪ್ಲಗ್ಗನ್ನು ಇನ್ನೊಬ್ಬರು ಬಳಸಬಾರದು. ಕಿವಿ ಸೋರುವವರು ವೈದ್ಯರನ್ನು ಕೇಳದೆ ಏನನ್ನೂ ತೂರಿಸಬಾರದು.

ಗುಂಡು ಹೊಡೆಯುವವರಿಗಷ್ಟೇ ಅಲ್ಲ, ಸರದಿಗೆ ಕಾಯುವವರಿಗೂ ನಿಂತು ನೋಡುವವರಿಗೂ ಇದು ಅನ್ವಯಿಸುತ್ತದೆ. ಕೊಡಗಿನಲ್ಲಿ ಕೈಲ್ ಪೊಳ್ದ್ ಹಬ್ಬದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನೋಡಲು ಮಕ್ಕಳನ್ನು ಕರೆದೊಯ್ಯುವವರೂ ಒಂದು ಜೊತೆ ಪ್ಲಗ್ ಒಯ್ಯಬೇಕು.

ಶಿಬಿರದಿಂದ ಬಂದ ಮಗು 'ಕಿವಿ ಗುಂಯ್ ಅಂತಿದೆ' ಎಂದರೆ ಎಣ್ಣೆ ಬಿಟ್ಟು ಸುಮ್ಮನಾಗಬಾರದು. ಮರುದಿನವೂ ಇಳಿಯದಿದ್ದರೆ, ಅಥವಾ ಕೇಳಿಸುವುದು ಮಂದವಾದರೆ, ತಡಮಾಡದೆ ಕಿವಿ ವೈದ್ಯರಿಗೆ ತೋರಿಸಬೇಕು. ಅಭ್ಯಾಸ ಆರಂಭಿಸುವ ಮೊದಲು ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಶ್ರವಣ ಪರೀಕ್ಷೆ ಮಾಡಿಸಿ ಚೀಟಿ ಜೋಪಾನ ಮಾಡಿದರೆ ವ್ಯತ್ಯಾಸ ಬೇಗ ತಿಳಿಯುತ್ತದೆ. 1965ರಲ್ಲಿ ಆರಂಭವಾದ, ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಇಂಥ ಪರೀಕ್ಷೆಗೆ ವ್ಯವಸ್ಥೆಯಿದೆ.

ತಪ್ಪಿದ ಗುರಿಗೆ ಮತ್ತೊಂದು ಗುಂಡಿದೆ. ಕಿವಿಗೆ ಆ ಅವಕಾಶವಿಲ್ಲ. ಮೊದಲ ಗುಂಡಿಗಿಂತ ಮುಂಚೆಯೇ ಅದನ್ನು ಮುಚ್ಚಿಕೊಳ್ಳುವುದು ಪ್ರತಿ ಕೆಡೆಟ್‌ನ ಮೊದಲ ಪಾಠವಾಗಲಿ.